ನೆಟ್‌ನಿಂದ ಪರದೆಗೆ: ಹವ್ಯಾಸಿ ರೇಡಿಯೊ ಕ್ಲಬ್ಬುಗಳ ದೂರಸಭೆಗಳು

ದೂರದೂರದಲ್ಲಿದ್ದುಕೊಂಡೇ ಸಭೆ ಸೇರುವ ಪದ್ಧತಿ ಹವ್ಯಾಸಿ ರೇಡಿಯೊ ಕ್ಲಬ್ಬುಗಳಲ್ಲಿ ವಿಡಿಯೊ ಕಾನ್ಫರೆನ್ಸಿಂಗ್‌ಗಿಂತ ಬಹಳ ಹಳೆಯದು. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಲಾಕ್‌ಡೌನ್ ಆದಾಗ ಅಂಚೆಚೀಟಿ ಸಂಗ್ರಾಹಕರು, ನಕ್ಷತ್ರ ವೀಕ್ಷಕರು, ಚದುರಂಗದ ಬಳಗದವರು ಕೆಲವು ಶಿಸ್ತುಗಳನ್ನು ಹೊಸದಾಗಿ ಕಲಿಯಬೇಕಾಯಿತು. ಒಬ್ಬರು ಮಾತಾಡುವಾಗ ಉಳಿದವರು ಮೈಕ್ ಮುಚ್ಚಿಕೊಂಡಿರಬೇಕು, ಸರದಿ ಬರುವವರೆಗೆ ಕಾಯಬೇಕು, ಸಭೆಯ ಲಗಾಮು ಒಬ್ಬರ ಕೈಯಲ್ಲಿರಬೇಕು. ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ, ಇದೆಲ್ಲ ಹತ್ತಾರು ವರ್ಷಗಳ ರೂಢಿ. ಆದರೂ ಅವರೂ ಉಳಿದವರಂತೆಯೇ ಜೂಮ್ ಹಿಡಿದರು. ಮನೆಯಲ್ಲೇ ರೇಡಿಯೊ ಕೇಂದ್ರ ಇಟ್ಟುಕೊಂಡವರಿಗೆ ಇಂಟರ್ನೆಟ್ಟಿನ ಪರದೆ ಏಕೆ ಬೇಕಾಯಿತು ಎಂಬುದು ಈ ಇತಿಹಾಸದಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ದೂರವನ್ನು ಸಂಘಟನೆಯಿಂದ ಗೆಲ್ಲುವ ಯೋಚನೆ ಈ ಹವ್ಯಾಸದ ಹುಟ್ಟಿನಲ್ಲೇ ಇದೆ. ಅಮೆರಿಕದ ಹಾರ್ಟ್‌ಫರ್ಡ್ ನಗರದ ಹಿರಾಮ್ ಪರ್ಸಿ ಮ್ಯಾಕ್ಸಿಮ್‌ಗೆ 1914ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಒಬ್ಬರ ಬಳಿಯಿದ್ದ ಆಡಿಯಾನ್ ವಾಲ್ವ್ ಬೇಕಿತ್ತು. ಮ್ಯಾಕ್ಸಿಮ್‌ನ ಸಂಕೇತ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ದಾರಿ ಮಧ್ಯದ ವಿಂಡ್ಸರ್ ಲಾಕ್ಸ್‌ನ ಇನ್ನೊಬ್ಬ ಹವ್ಯಾಸಿ ಸಂದೇಶವನ್ನು ಹಿಡಿದು ಮುಂದಕ್ಕೆ ದಾಟಿಸಿದ. ಆ ವರ್ಷವೇ ಹುಟ್ಟಿದ ಅಮೆರಿಕನ್ ರೇಡಿಯೊ ರಿಲೇ ಲೀಗ್ ತನ್ನ ಹೆಸರಿನಲ್ಲೇ ಈ ದಾಟಿಸುವ ಕೆಲಸವನ್ನು ಇಟ್ಟುಕೊಂಡಿದೆ. ಲಂಡನ್ ವೈರ್‌ಲೆಸ್ ಕ್ಲಬ್ ಅದಕ್ಕೆ ಒಂದು ವರ್ಷ ಮೊದಲೇ ಆರಂಭವಾಗಿತ್ತು. ಇಂದಿನ ರೇಡಿಯೊ ಸೊಸೈಟಿ ಆಫ್ ಗ್ರೇಟ್ ಬ್ರಿಟನ್ ಅದರದೇ ಮುಂದುವರಿಕೆ. 1923ರ ನವೆಂಬರ್‌ನಲ್ಲಿ ಅಮೆರಿಕದ ಇಬ್ಬರು ಹವ್ಯಾಸಿಗಳು ಫ್ರಾನ್ಸಿನ ಲಿಯೋನ್ ಡೆಲಾಯ್ ಜೊತೆ ಸುಮಾರು 100 ಮೀಟರ್ ತರಂಗದಲ್ಲಿ ಅಟ್ಲಾಂಟಿಕ್ ದಾಟಿ ಎರಡೂ ಕಡೆಯಿಂದ ಮಾತಾಡಿದರು. ಕೆಲಸಕ್ಕೆ ಬಾರದ್ದೆಂದು ಹವ್ಯಾಸಿಗಳ ಪಾಲಿಗೆ ಬಿಟ್ಟಿದ್ದ ಕಿರುತರಂಗವೇ ಖಂಡಗಳನ್ನು ಮುಟ್ಟಿತು. ಎರಡು ವರ್ಷದೊಳಗೆ, 1925ರಲ್ಲಿ, ಪ್ಯಾರಿಸ್‌ನಲ್ಲಿ ಅಂತಾರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ ರೂಪುಗೊಂಡಿತು.

ಭಾರತದಲ್ಲಿ ಮೊದಲ ಪರವಾನಗಿ 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರಿಗೆ ಸಿಕ್ಕಿತು. ಅವರ ಕರೆ ಸಂಕೇತ 2ಜೆಕೆ. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಪರವಾನಗಿಗಳನ್ನು ರದ್ದುಮಾಡಿತು. ಸ್ವಾತಂತ್ರ್ಯದ ಮರುವರ್ಷ, 1948ರ ಮೇ 15ರಂದು, ಮ್ಹೌನ ಸಿಗ್ನಲ್ಸ್ ಶಾಲೆಯಲ್ಲಿ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ ಉದ್ಘಾಟನೆಯಾಯಿತು. ಮುಂದಿನ ದಶಕಗಳಲ್ಲಿ ಹವ್ಯಾಸ ಗಟ್ಟಿಯಾಗಿ ಬೇರೂರಿದ ಊರುಗಳಲ್ಲಿ ಬೆಂಗಳೂರು ಒಂದು. ಎಲೆಕ್ಟ್ರಾನಿಕ್ಸ್, ದೂರವಾಣಿ, ವಿಮಾನ, ಬಾಹ್ಯಾಕಾಶ ಇವಕ್ಕೆ ಸಂಬಂಧಿಸಿದ ಸಾರ್ವಜನಿಕ ಉದ್ಯಮಗಳೂ ಸಂಸ್ಥೆಗಳೂ ಇಲ್ಲಿದ್ದವು. ಸೋಲ್ಡರಿಂಗ್ ಕಬ್ಬಿಣ ಹಿಡಿಯಲು ಬಲ್ಲವರು ಬೀದಿಗೊಬ್ಬರಂತೆ ಸಿಗುತ್ತಿದ್ದರು, ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳಿಗೂ ಬರವಿರಲಿಲ್ಲ. ಇಸ್ರೊದ ಉಪಗ್ರಹ ಕೇಂದ್ರದಲ್ಲೇ ಒಂದು ಹ್ಯಾಮ್ ಕ್ಲಬ್ ಇದೆ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಹಾರಿದ 42.5 ಕಿಲೊ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ 2014ರ ಜುಲೈವರೆಗೂ ಜಗತ್ತಿನ ಹವ್ಯಾಸಿಗಳ ದನಿಯನ್ನು ದಾಟಿಸಿತು.

ಕ್ಲಬ್ಬಿನ ತಿಂಗಳ ಸಭೆ ಯಾವುದೋ ಸಭಾಂಗಣದಲ್ಲೋ ಸದಸ್ಯರ ಮನೆಯ ಮಹಡಿಯ ಮೇಲೋ ನಡೆಯುತ್ತಿತ್ತು. ದಿನನಿತ್ಯದ ಸಭೆ ಮಾತ್ರ ಗಾಳಿಯಲ್ಲಿ. ಅದಕ್ಕೆ ಹ್ಯಾಮ್‌ಗಳು ನೆಟ್ ಎನ್ನುತ್ತಾರೆ. ಗೊತ್ತಾದ ಹೊತ್ತಿಗೆ, ಗೊತ್ತಾದ ತರಂಗಾಂತರದಲ್ಲಿ ನಿಯಂತ್ರಕ ಕೇಂದ್ರ ತನ್ನ ಕರೆ ಸಂಕೇತ ಹೇಳಿ ನೆಟ್ ತೆರೆಯುತ್ತದೆ. ಸದಸ್ಯರು ಒಬ್ಬೊಬ್ಬರಾಗಿ ಹಾಜರಿ ಕೊಡುತ್ತಾರೆ. ನಿಯಂತ್ರಕ ಪಟ್ಟಿ ಬರೆದುಕೊಂಡು ಸರದಿಯಂತೆ ಒಬ್ಬೊಬ್ಬರಿಗೆ ಮಾತು ಒಪ್ಪಿಸುತ್ತಾನೆ. ಮಾತು ಮುಗಿಸಿದವರು ಓವರ್ ಎನ್ನಬೇಕು. ನಡುವೆ ತುರ್ತು ಇದ್ದವರು ಬ್ರೇಕ್ ಎಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಈ ಶಿಸ್ತು ಯಾರ ಸಜ್ಜನಿಕೆಯಿಂದಲೂ ಬಂದದ್ದಲ್ಲ, ಯಂತ್ರದ ಕಟ್ಟುಪಾಡು. ಮೈಕಿನ ಗುಂಡಿ ಒತ್ತಿದವರಿಗೆ ಬೇರೇನೂ ಕೇಳಿಸುವುದಿಲ್ಲ. ಇಬ್ಬರು ಒಟ್ಟಿಗೆ ಒತ್ತಿದರೆ ಉಳಿದವರಿಗೆ ಕೀಚಲು ಸದ್ದಷ್ಟೇ ಕೇಳುತ್ತದೆ. ವಿಡಿಯೊ ಸಭೆಗಳ ಮೊದಲ ತಿಂಗಳುಗಳಲ್ಲಿ ಎಲ್ಲೆಲ್ಲೂ ಕೇಳಿಬಂದ ಗೊಂದಲ ಹ್ಯಾಮ್‌ಗಳ ಸಭೆಗಳಲ್ಲಿ ಕಡಿಮೆಯಿದ್ದರೆ ಅದಕ್ಕೆ ಈ ಹಳೆಯ ತಾಲೀಮೇ ಕಾರಣ. ಜೂಮ್‌ನಲ್ಲೂ ಹೆಸರಿನ ಮುಂದೆ ಕರೆ ಸಂಕೇತ ಬರೆದುಕೊಳ್ಳುವುದು, ಕೊನೆಗೆ ಬೈ ಎನ್ನುವ ಬದಲು 73 ಎನ್ನುವುದು ತಾನಾಗಿ ಮುಂದುವರಿಯಿತು. ಅಭ್ಯಾಸಬಲದಿಂದ ಓವರ್ ಎಂದುಬಿಡುವ ಹಿರಿಯರೂ ಇದ್ದರು.

ನೆಟ್‌ನ ಬೆಲೆ ಹೊರಜಗತ್ತಿಗೆ ಗೊತ್ತಾಗಿದ್ದು ವಿಪತ್ತಿನ ದಿನಗಳಲ್ಲಿ. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಭಾರತಿ ಪ್ರಸಾದ್ ನೇತೃತ್ವದ ಹವ್ಯಾಸಿ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ಅಪರೂಪದ ದ್ವೀಪಗಳಿಂದ ಜಗತ್ತಿನ ಹ್ಯಾಮ್‌ಗಳಿಗೆ ಸಂಪರ್ಕ ಕೊಡಲೆಂದು ಹೋದವರು ರಾತ್ರೋರಾತ್ರಿ ಸಂತ್ರಸ್ತರ ಸುದ್ದಿ ಮುಟ್ಟಿಸುವ ಕೇಂದ್ರವಾದರು. ಇಂಥ ಹೊತ್ತಿಗೆ ಕೆಲಸಕ್ಕೆ ಬರುವುದು ವರ್ಷವಿಡೀ ಬೆಳಗ್ಗೆ ಬೆಳಗ್ಗೆ ಹವಾಮಾನ, ಸಿಗ್ನಲ್ ವರದಿ ಎಂದು ಹರಟಿದ ಅಭ್ಯಾಸ.

ಆದರೆ ನೆಟ್ ಕ್ಲಬ್ಬಿನ ಸಭೆಯ ಸ್ಥಾನವನ್ನು ಪೂರ್ತಿ ತುಂಬಲಾರದು. ಮೊದಲ ತೊಡಕು ಕಾನೂನಿನದು. ಭಾರತದಲ್ಲಿ 1978ರ ಹವ್ಯಾಸಿ ಸೇವಾ ನಿಯಮಗಳ ಪ್ರಕಾರ ಪರವಾನಗಿ ಇಲ್ಲದವರು ಸ್ವಂತವಾಗಿ ಪ್ರಸಾರ ಮಾಡುವಂತಿಲ್ಲ, ವ್ಯಾಪಾರದ ಮಾತು ಕೂಡದು, ಸಂಗೀತ ಹಾಕುವಂತಿಲ್ಲ. ಇನ್ನೂ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿ ನೆಟ್‌ನಲ್ಲಿ ಕೇಳುಗ ಮಾತ್ರ. ಕ್ಲಬ್ಬಿಗೆ ಮುಂದೆ ಜೀವ ತುಂಬಬೇಕಾದವನು ಅವನೇ. ಎರಡನೆಯದು ಆಕಾಶದ ತೊಡಕು. 40 ಮೀಟರ್ ಬ್ಯಾಂಡು ಹಗಲಿನಲ್ಲಿ ಕೆಲವು ನೂರು ಕಿಲೋಮೀಟರ್ ದೂರದವರನ್ನು ಚೆನ್ನಾಗಿ ಕೂಡಿಸುತ್ತದೆ, ಸಂಜೆಯಾದಂತೆ ಹತ್ತಿರದವರನ್ನು ಹಾರಿಸಿ ದೂರದವರನ್ನು ಹಿಡಿಯುತ್ತದೆ. ಒಂದೇ ಊರಿನ ಇಬ್ಬರಿಗೆ ಪರಸ್ಪರ ಕೇಳದೆ ಚೆನ್ನೈಯವರಿಗೆ ಇಬ್ಬರೂ ಕೇಳುವುದುಂಟು. ಎತ್ತರದಲ್ಲಿ ಇಟ್ಟ ವಿಎಚ್‌ಎಫ್ ರಿಪೀಟರ್ ನಗರದ ಮಟ್ಟಿಗೆ ಈ ಕೊರತೆ ನೀಗಿಸುತ್ತದೆ, ಆದರೆ ಅದರ ವ್ಯಾಪ್ತಿ ದಿಗಂತಕ್ಕೆ ನಿಲ್ಲುತ್ತದೆ. ಇದರ ಮೇಲೆ, ಲಾಕ್‌ಡೌನ್ ಬಂದದ್ದೇ ಸೂರ್ಯ ಮಂಕಾಗಿದ್ದ ಕಾಲದಲ್ಲಿ. 24ನೇ ಸೌರಚಕ್ರ ಮುಗಿದು 25ನೆಯದು ಆರಂಭವಾದದ್ದು 2019ರ ಡಿಸೆಂಬರ್‌ನಲ್ಲಿ. ಸೌರಕಲೆಗಳು ತೀರ ಕಡಿಮೆಯಿದ್ದುದರಿಂದ 10 ಮತ್ತು 15 ಮೀಟರ್ ಬ್ಯಾಂಡುಗಳು ಬಹುಪಾಲು ನಿಶ್ಶಬ್ದವಾಗಿದ್ದವು. ಎಲ್ಲರೂ ಮನೆಯಲ್ಲಿ ಕುಳಿತ ವರ್ಷವೇ ಆಕಾಶವೂ ಬಾಗಿಲು ಎಳೆದುಕೊಂಡಿತ್ತು. ಅಪಾರ್ಟ್‌ಮೆಂಟಿನ ಹ್ಯಾಮ್‌ಗಳ ಪಾಡು ಬೇರೆಯೇ. ತಾರಸಿಯಲ್ಲಿ ತಂತಿ ಕಟ್ಟಲು ನಿವಾಸಿಗಳ ಸಂಘದ ಒಪ್ಪಿಗೆ ಸಿಗದವರಿಗೆ ಬಾಲ್ಕನಿಯ ಆಂಟೆನಾವೇ ಗತಿ, ಸುತ್ತಲಿನ ಎಲ್‌ಇಡಿ ದೀಪ, ಇನ್ವರ್ಟರ್‌ಗಳ ಗದ್ದಲ ಬೇರೆ.

ಮೂರನೆಯ ತೊಡಕೇ ನಿರ್ಣಾಯಕವಾದದ್ದು: ನೆಟ್‌ನಲ್ಲಿ ಏನನ್ನೂ ತೋರಿಸಲಾಗದು. ಕ್ಲಬ್ಬಿನ ಸಭೆಯಲ್ಲಿ ಮಾತಿಗಿಂತ ವಸ್ತುವೇ ಹೆಚ್ಚು. ಯಾರೋ ಸುತ್ತಿದ ಕಾಯಿಲ್, ಯಾರೋ ಕೊರೆದ ಸರ್ಕಿಟ್ ಬೋರ್ಡು, ಸುಟ್ಟುಹೋದ ಟ್ರಾನ್ಸಿಸ್ಟರ್ ಇವೆಲ್ಲ ಮೇಜಿನ ಮೇಲೆ ಕೈಯಿಂದ ಕೈಗೆ ಹೋಗುತ್ತವೆ. ಹವ್ಯಾಸಿಗಳು ಚಿತ್ರ ಕಳಿಸುವುದನ್ನು ಕಂಡುಕೊಂಡಿರಲಿಲ್ಲ ಎಂದಲ್ಲ. ಕೆಂಟಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾಪ್ಥಾರ್ನ್ ಮ್ಯಾಕ್‌ಡೊನಾಲ್ಡ್ 1950ರ ದಶಕದ ಕೊನೆಯಲ್ಲೇ ಮಾತಿನ ಬ್ಯಾಂಡಿನೊಳಗೆ ಹಿಡಿಯುವ ಸ್ಲೋ-ಸ್ಕ್ಯಾನ್ ಟಿವಿಯನ್ನು ರೂಪಿಸಿದ್ದ. ಒಂದು ಮಂದ ಚಿತ್ರಕ್ಕೆ 8 ಸೆಕೆಂಡು. ಚಲನೆಯ ಮಾತೇ ಇಲ್ಲ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಇಂಥ ಚಿತ್ರಗಳು ಬಂದಾಗ ಹಿಡಿದಿಡುವವರು ಇಂದಿಗೂ ಇದ್ದಾರೆ, ಆದರೆ ಅದು ಪಾಠ ಹೇಳುವ ಸಾಧನವಲ್ಲ. ಇಂಟರ್ನೆಟ್ಟನ್ನು ರೇಡಿಯೊಗೆ ಜೋಡಿಸುವ ಪ್ರಯತ್ನಗಳೂ ಮೊದಲೇ ನಡೆದಿದ್ದವು. 1997ರಲ್ಲಿ ಕೆನಡಾದ ಡೇವ್ ಕ್ಯಾಮೆರಾನ್ ಐಆರ್‌ಎಲ್‌ಪಿ ಜಾಲವನ್ನು, 2002ರಲ್ಲಿ ಅಮೆರಿಕದ ಜೊನಾಥನ್ ಟೇಲರ್ ಎಕೊಲಿಂಕ್ ಅನ್ನು ತಂದರು. ಎರಡೂ ದನಿಯನ್ನು ಮಾತ್ರ ಸಾಗಿಸಿದವು. ಇಂಟರ್ನೆಟ್ಟಿನಲ್ಲಿ ಮಾತಾಡಿದರೆ ಅದು ಹ್ಯಾಮ್ ಹೇಗಾದೀತು ಎಂಬ ತಕರಾರು ಆಗಲೇ ಎದ್ದು, ಪೂರ್ತಿ ಇತ್ಯರ್ಥವಾಗದೆ ಉಳಿದಿತ್ತು. ವಿಡಿಯೊ ಬಂದಾಗ ಆ ತಕರಾರು ಮತ್ತೆ ಏಳಲಿಲ್ಲ. ಜೂಮ್ ಸಭೆಯನ್ನು ಯಾರೂ ರೇಡಿಯೊ ಸಂಪರ್ಕವೆಂದು ಲಾಗ್ ಪುಸ್ತಕದಲ್ಲಿ ಬರೆಯಹೋಗಲಿಲ್ಲ, ಅದು ಸಭಾಂಗಣದ ಬದಲಿಯಷ್ಟೇ ಎಂದು ಎಲ್ಲರೂ ಒಪ್ಪಿಕೊಂಡರು.

ಸಲಕರಣೆಗಳ ಆಯ್ಕೆ ಮೊದಲ ವಾರಗಳಲ್ಲಿ ಸ್ಥಿರವಾಗಿರಲಿಲ್ಲ. ಜೂಮ್ ಸುಲಭವಾಗಿತ್ತು, ಆದರೆ ಹಣ ಕೊಡದ ಖಾತೆಯಲ್ಲಿ ಗುಂಪಿನ ಸಭೆ 40 ನಿಮಿಷಕ್ಕೆ ಕಡಿಯುತ್ತಿತ್ತು. ಉಪನ್ಯಾಸ ಕಾವೇರುವ ಹೊತ್ತಿಗೆ ಎಲ್ಲರೂ ಹೊರಬಿದ್ದು ಮತ್ತೆ ಒಳಬರಬೇಕು. ಕರೆಯದ ಕಿಡಿಗೇಡಿಗಳು ನುಗ್ಗುವ ಪ್ರಕರಣಗಳು ಜಗತ್ತಿನಾದ್ಯಂತ ಹೆಚ್ಚಿ, ಏಪ್ರಿಲ್ ಆರಂಭದಿಂದ ಪಾಸ್‌ವರ್ಡ್ ಮತ್ತು ಕಾಯುವ ಕೋಣೆ ಸಾಮಾನ್ಯ ನಿಯಮವಾದವು. ಏಪ್ರಿಲ್ 16ರಂದು ಕೇಂದ್ರ ಗೃಹ ಸಚಿವಾಲಯ ಜೂಮ್ ಸುರಕ್ಷಿತವಲ್ಲವೆಂದು ಎಚ್ಚರಿಸಿತು. ಕೆಲವು ಗುಂಪುಗಳು ಮುಕ್ತ ತಂತ್ರಾಂಶವಾದ ಜಿಟ್ಸಿಯನ್ನು, ಮೇ ತಿಂಗಳಿಂದ ಎಲ್ಲರಿಗೂ ಉಚಿತವಾದ ಗೂಗಲ್ ಮೀಟನ್ನು ಹಿಡಿದವು. ಸ್ವಂತ ಸರ್ವರ್ ಮೇಲೆ ಜಿಟ್ಸಿ ಕೂರಿಸುವ ಹುಮ್ಮಸ್ಸು ಹ್ಯಾಮ್‌ಗಳಿಗೆ ಸಹಜ. ಅದು ಸಭೆಗಿಂತ ದೊಡ್ಡ ಹವ್ಯಾಸವಾಗಿಬಿಡುವ ಅಪಾಯವೂ ಅಷ್ಟೇ ಸಹಜ.

ಪರದೆಯ ಸಭೆ ಎಲ್ಲಕ್ಕಿಂತ ಫಲ ಕೊಟ್ಟದ್ದು ಕಲಿಕೆಯಲ್ಲಿ. ಜೋಸೆಫ್ ಟೇಲರ್ ಮತ್ತು ಸ್ಟೀವ್ ಫ್ರಾಂಕ್ 2017ರಲ್ಲಿ ತಂದ ಎಫ್‌ಟಿ8 ಪದ್ಧತಿಯನ್ನೇ ನೋಡಬಹುದು. ಟೇಲರ್ 1993ರ ಭೌತಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿ. ಎಫ್‌ಟಿ8ರಲ್ಲಿ ಕಿವಿಗೆ ಕೇಳದಷ್ಟು ಕ್ಷೀಣ ಸಂಕೇತವನ್ನೂ ಕಂಪ್ಯೂಟರ್ 15 ಸೆಕೆಂಡಿನ ಸರದಿಗಳಲ್ಲಿ ಓದಿ ಕೊಡುತ್ತದೆ. ಇದರ ಕೆಲಸವೆಲ್ಲ ಪರದೆಯ ಮೇಲೇ. ಸಭಾಂಗಣದ ಹಿಂದಿನ ಸಾಲಿನವರಿಗೆ ಕಾಣದಿದ್ದ ಕಿಟಕಿಗಳು, ಅಕ್ಷರಗಳು ಸ್ಕ್ರೀನ್ ಹಂಚಿಕೊಂಡಾಗ ಎಲ್ಲರ ಕಣ್ಣೆದುರು ಬಂದವು. 2019ರಿಂದ ಕೈಗೆಟುಕುವ ಬೆಲೆಗೆ ಸಿಗತೊಡಗಿದ ನ್ಯಾನೊವಿಎನ್‌ಎ ಎಂಬ ಪುಟ್ಟ ಮಾಪಕದಿಂದ ಆಂಟೆನಾ ಅಳೆಯುವ ಪಾಠಗಳೂ ಹೀಗೆಯೇ ಚೆನ್ನಾಗಿ ನಡೆದವು. ಹೈದರಾಬಾದಿನ ಆಶರ್ ಫರ್ಹಾನ್ 2003ರಲ್ಲಿ ಸಾಧಾರಣ ಬಿಡಿಭಾಗಗಳಿಂದ ರೂಪಿಸಿದ ಬಿಟ್‌ಎಕ್ಸ್ ಟ್ರಾನ್ಸೀವರ್ ಮತ್ತು ಅದರ ಮುಂದಿನ ಪೀಳಿಗೆಗಳನ್ನು ಕಟ್ಟುವವರು ದೇಶದ ಮೂಲೆಮೂಲೆಗಳಲ್ಲಿದ್ದಾರೆ. ಎರಡನೇ ಫೋನನ್ನು ಮೇಜಿನ ಮೇಲೆ ತಲೆಕೆಳಗಾಗಿ ಕಟ್ಟಿ, ಸೋಲ್ಡರಿಂಗ್ ಮಾಡುವ ಕೈಯನ್ನು ತೋರಿಸುವ ಉಪಾಯ ಇಂಥವರಿಗೆಂದೇ ಮಾಡಿದಂತಿತ್ತು. ಯಾವ ಕೆಪಾಸಿಟರ್ ತಿರುವುಮುರುವಾಗಿದೆ ಎಂದು ನೂರಾರು ಮೈಲಿ ದೂರದಿಂದ ಹೇಳಬಹುದಾಯಿತು.

ಪರವಾನಗಿ ಪರೀಕ್ಷೆಗೆ ತಯಾರಿ ಕೊಡುವ ತರಗತಿಗಳೂ ಪರದೆಗೆ ಬಂದವು. ಬೆಂಗಳೂರು, ಹೈದರಾಬಾದುಗಳಿಗೆ ವಾರಾಂತ್ಯದ ತರಗತಿಗೆಂದು ಬರಲಾಗದಿದ್ದ ಚಿಕ್ಕ ಊರಿನವರಿಗೆ ಮೊದಲ ಬಾರಿ ಕ್ಲಬ್ಬಿನ ಬಾಗಿಲು ತೆರೆಯಿತು. ಪರವಾನಗಿ ಇಲ್ಲದಿದ್ದರೂ ಪ್ರಶ್ನೆ ಕೇಳಬಹುದು. ಕಾನೂನು ಅಡ್ಡ ಬರುವುದಿಲ್ಲ. ವಲಸೆ ಹೋದ ಹಳೆಯ ಸದಸ್ಯರೂ ಮರಳಿದರು. ಭಾರತದ ಭಾನುವಾರ ಬೆಳಗಿನ 9 ಗಂಟೆ ಕ್ಯಾಲಿಫೋರ್ನಿಯಾಕ್ಕೆ ಬೇಸಿಗೆಯಲ್ಲಿ ಶನಿವಾರ ರಾತ್ರಿ 8.30, ಊಟ ಮುಗಿಸಿ ಕೂರುವ ಹೊತ್ತು. ಲಾಗ್ ಪುಸ್ತಕವನ್ನು ಸಾರ್ವತ್ರಿಕ ಕಾಲಮಾನದಲ್ಲೇ ಬರೆಯುವ ಜನರಾದ್ದರಿಂದ ಗಂಟೆಯ ಲೆಕ್ಕಾಚಾರ ಅವರನ್ನು ಕಾಡಲಿಲ್ಲ.

ಅಂತಾರಾಷ್ಟ್ರೀಯ ಮಟ್ಟದಲ್ಲಿ ದೊಡ್ಡ ಸಂತೆಗಳೇ ನಿಂತುಹೋದವು. ಅಮೆರಿಕದ ಒಹಾಯೊದಲ್ಲಿ ಪ್ರತಿ ಮೇ ತಿಂಗಳು ನಡೆಯುವ ಹ್ಯಾಮ್‌ವೆನ್ಷನ್ 2020ರಲ್ಲೂ 2021ರಲ್ಲೂ ರದ್ದಾಯಿತು. ಆ ತೆರವಿನಲ್ಲಿ 2020ರ ಆಗಸ್ಟ್ 8 ಮತ್ತು 9ರಂದು ಕ್ಯೂಎಸ್‌ಒ ಟುಡೆ ವರ್ಚುವಲ್ ಹ್ಯಾಮ್ ಎಕ್ಸ್‌ಪೊ ಎಂಬ ಪೂರ್ಣ ಆನ್‌ಲೈನ್ ಸಮ್ಮೇಳನ ನಡೆಯಿತು. ಬ್ರಿಟನ್ನಿನ ಸೊಸೈಟಿ ಕ್ಲಬ್ಬುಗಳಿಗಾಗಿ ರಾತ್ರಿ 8 ಗಂಟೆಯ ಉಪನ್ಯಾಸ ಮಾಲೆ ಆರಂಭಿಸಿತು. ಏಕಾಂಗಿಗಳ ಬೇಸರ ಕಳೆಯಲು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಜೊತೆಗೂಡಿ ಹ್ಯಾಮ್‌ಗಳು ಗಾಳಿಗೆ ಬರಬೇಕೆಂಬ ಅಭಿಯಾನವನ್ನೂ ನಡೆಸಿತು. ಅಮೆರಿಕದಲ್ಲಿ ಜೂನ್ ಕೊನೆಯ ಫೀಲ್ಡ್ ಡೇ ಸ್ಪರ್ಧೆ ಇನ್ನೊಂದು ಇಕ್ಕಟ್ಟು ತಂದಿತು. ಕ್ಲಬ್ಬಿನವರೆಲ್ಲ ಬಯಲಿಗೆ ಹೋಗಿ, ಟೆಂಟು ಹಾಕಿ, ಜನರೇಟರಿನ ವಿದ್ಯುತ್ತಿನಲ್ಲಿ ಕೇಂದ್ರ ನಡೆಸುವ ಹಬ್ಬ ಅದು. ಮನೆಯ ವಿದ್ಯುತ್ತಿನಲ್ಲಿ ನಡೆಯುವ ಕೇಂದ್ರಗಳು ಪರಸ್ಪರ ಮಾತಾಡಿದರೆ ಅಂಕವಿಲ್ಲ ಎಂಬುದು ಹಳೆಯ ನಿಯಮ. ಅಮೆರಿಕನ್ ಲೀಗ್ ಆ ವರ್ಷ ಅದನ್ನು ಸಡಿಲಿಸಿ, ಮನೆಮನೆಗಳಿಂದ ಆಡಿದ ಸದಸ್ಯರ ಅಂಕಗಳನ್ನು ಕ್ಲಬ್ಬಿನ ಹೆಸರಿನಲ್ಲಿ ಕೂಡಿಸಿ ಪ್ರಕಟಿಸಿತು. ಬಾಹ್ಯಾಕಾಶ ನಿಲ್ದಾಣದ ಜೊತೆ ಶಾಲಾ ಮಕ್ಕಳನ್ನು ಮಾತಾಡಿಸುವ ಅರಿಸ್ ಕಾರ್ಯಕ್ರಮವೂ 2020ರ ಏಪ್ರಿಲ್ ಕೊನೆಯಲ್ಲಿ ಹೊಸ ಏರ್ಪಾಡು ಮಾಡಿಕೊಂಡಿತು. ಮಕ್ಕಳು ಅವರವರ ಮನೆಯಲ್ಲಿ, ಹ್ಯಾಮ್ ಕೇಂದ್ರ ಇನ್ನೆಲ್ಲೋ, ನಡುವೆ ದೂರವಾಣಿ ಸೇತುವೆ. ನಿಲ್ದಾಣ ದಿಗಂತದ ಮೇಲಿರುವ ಸುಮಾರು 10 ನಿಮಿಷದಲ್ಲಿ ಪ್ರಶ್ನೆಗಳೆಲ್ಲ ಮುಗಿಯಬೇಕು.

ಪರೀಕ್ಷೆಯ ವಿಷಯದಲ್ಲಿ ದೇಶಗಳ ದಾರಿ ಬೇರೆಯಾಯಿತು. ಅಮೆರಿಕದ ಸಂಪರ್ಕ ಆಯೋಗ 2020ರ ಏಪ್ರಿಲ್ 30ರಂದು, ದೂರದಿಂದ ಮೇಲ್ವಿಚಾರಣೆ ಮಾಡಿ ಪರೀಕ್ಷೆ ನಡೆಸಲು ಪೂರ್ವಾನುಮತಿ ಬೇಕಿಲ್ಲವೆಂದು ಸ್ಪಷ್ಟಪಡಿಸಿತು. ಬ್ರಿಟನ್ನಿನಲ್ಲಿ ಆರಂಭದ ಹಂತದ ಪರೀಕ್ಷೆ ಏಪ್ರಿಲ್‌ನಲ್ಲೇ ಮನೆಯಿಂದ ಬರೆಯುವಂತಾಯಿತು. ವರ್ಷಗಟ್ಟಲೆ ಚರ್ಚಿಸಿದರೂ ಆಗದಿದ್ದ ಬದಲಾವಣೆಗಳು ಕೆಲವೇ ವಾರಗಳಲ್ಲಿ ಆದವು. ಭಾರತದಲ್ಲಿ ಅಮೆಚೂರ್ ಸ್ಟೇಷನ್ ಆಪರೇಟರ್ ಪ್ರಮಾಣಪತ್ರದ ಪರೀಕ್ಷೆಯನ್ನು ಸರ್ಕಾರವೇ ನಡೆಸುತ್ತದೆ. ಅರ್ಜಿ ಸಲ್ಲಿಸುವ ಕೆಲಸ ಸರಳ ಸಂಚಾರ್ ಪೋರ್ಟಲ್‌ಗೆ ಬಂದಿದ್ದರೂ ಅಭ್ಯರ್ಥಿ ಖುದ್ದಾಗಿ ಹಾಜರಾಗಬೇಕಿತ್ತು. ಹಾಗಾಗಿ ಆನ್‌ಲೈನ್ ತರಗತಿಗಳಿಂದ ತಯಾರಾದವರು ಪರೀಕ್ಷೆಯ ದಿನಕ್ಕಾಗಿ ಕಾಯಬೇಕಾಯಿತು.

ಆಡಳಿತದ ಸಭೆಗಳು ಪರದೆಯಲ್ಲಿ ಸಲೀಸಾಗಿ ನಡೆದವು. ಸಮಿತಿಯವರಿಗೆ ಟ್ರಾಫಿಕ್ ತಪ್ಪಿದ್ದೇ ದೊಡ್ಡ ಲಾಭ. ವಾರ್ಷಿಕ ಸಭೆ ಮಾತ್ರ ಸೂಕ್ಷ್ಮದ ವಿಷಯವಾಗಿತ್ತು. ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2020ರ ಮೇ 5ರ ಸುತ್ತೋಲೆಯಲ್ಲಿ ವಿಡಿಯೊ ಮೂಲಕ ವಾರ್ಷಿಕ ಸಭೆಗೆ ಒಪ್ಪಿದ್ದು ಕಂಪನಿಗಳಿಗೆ. ರಾಜ್ಯದ ಹವ್ಯಾಸಿ ಸಂಘಗಳು ನೋಂದಾಯಿಸಿಕೊಳ್ಳುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಆ ಕಾಯ್ದೆ ಬರೆದ ಕಾಲಕ್ಕೆ ಹಾಜರಿ ಎಂದರೆ ಪುಸ್ತಕದಲ್ಲಿ ಸಹಿ. ಕೋರಂ ಎಣಿಸುವುದು, ಗುಟ್ಟಿನ ಮತದಾನ ನಡೆಸುವುದು, ನಡಾವಳಿಗೆ ಸಹಿ ಹಾಕಿಸುವುದು ಇವು ಎಲ್ಲ ಬಗೆಯ ಹವ್ಯಾಸಿ ಸಂಘಗಳಿಗೂ ತಲೆನೋವಾದವು.

ಪರದೆಗೆ ಒಗ್ಗದ ಚಟುವಟಿಕೆಗಳೂ ಕಡಿಮೆಯಿರಲಿಲ್ಲ. ಬಚ್ಚಿಟ್ಟ ಪ್ರಸಾರಕವನ್ನು ದಿಕ್ಕು ಹಿಡಿದು ಹುಡುಕುವ ಫಾಕ್ಸ್ ಹಂಟ್‌ಗೆ ಕಾಲು ಬೇಕು. ಆಂಟೆನಾ ಕಂಬ ಎಬ್ಬಿಸಲು ನಾಲ್ಕು ಜನರ ಹೆಗಲು ಬೇಕು. ಹಳೆಯ ಸಾಮಾನುಗಳ ಮಾರಾಟ ಕ್ಲಬ್ಬಿನ ಆದಾಯಕ್ಕೂ ಹೊಸಬರ ಮೊದಲ ರೇಡಿಯೊಗೂ ದಾರಿ. ಟ್ಯೂನಿಂಗ್ ಗುಂಡಿಯನ್ನು ತಿರುಗಿಸಿ ನೋಡದೆ ಹಳೆಯ ರೇಡಿಯೊ ಕೊಳ್ಳುವವರಿಲ್ಲ. ಮೋರ್ಸ್ ಅಭ್ಯಾಸಕ್ಕೂ ಜೂಮ್ ಒಳ್ಳೆಯ ಜೊತೆಗಾರನಲ್ಲ. ಮಾತನ್ನು ಶುಚಿಗೊಳಿಸಲೆಂದು ಇಟ್ಟ ತಂತ್ರಾಂಶ ಡಿಟ್-ಡಾ ಸದ್ದನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತಿತ್ತು. ಸಂಗೀತಗಾರರಿಗೆಂದು ಇಟ್ಟಿದ್ದ ಮೂಲ ಧ್ವನಿ ಎಂಬ ಆಯ್ಕೆಯನ್ನು ಹುಡುಕಿ ಒತ್ತಿದ ಮೇಲೆ ಸಮಸ್ಯೆ ತೀರಿತು. ದೊಡ್ಡ ನಷ್ಟ ಸಭೆ ಮುಗಿದ ಮೇಲಿನ ಕಾಫಿಯ ಹೊತ್ತಿನದು. ಇಬ್ಬಿಬ್ಬರೇ ನಿಂತು ಆಡುವ ಮಾತಿಗೆ ಒಂದೇ ಪರದೆಯಲ್ಲಿ ಜಾಗವಿಲ್ಲ, ಬ್ರೇಕ್‌ಔಟ್ ಕೋಣೆಗಳು ಅದಕ್ಕೆ ಬದಲಿಯಾಗಲಿಲ್ಲ. ವಯಸ್ಸಾದ ಕೆಲವು ಸದಸ್ಯರು, ವಾಲ್ವ್ ರೇಡಿಯೊವನ್ನು ಬಿಚ್ಚಿ ಕಟ್ಟಬಲ್ಲವರು, ಫೋನಿನ ಕೊಂಡಿ ಒತ್ತಲು ಹಿಂಜರಿದು ಬೆಳಗಿನ ನೆಟ್‌ನಲ್ಲೇ ಉಳಿದರು.

2022ರ ಮೇ ತಿಂಗಳಲ್ಲಿ ಹ್ಯಾಮ್‌ವೆನ್ಷನ್ ಮತ್ತೆ ಬಯಲಿಗೆ ಬಂತು. ಕ್ಲಬ್ಬುಗಳು ಸಭಾಂಗಣಗಳಿಗೆ ಮರಳಿದವು, ಪರದೆಯನ್ನು ಪೂರ್ತಿ ಬಿಡಲಿಲ್ಲ. ಎರಡೂ ಬಗೆಯನ್ನು ಬೆರೆಸಿದ ಸಭೆಗಳೇ ಎಲ್ಲಕ್ಕಿಂತ ಕಷ್ಟದವು ಎಂಬುದು ಬೇಗ ತಿಳಿಯಿತು. ಸಭಾಂಗಣದ ಹಿಂದಿನಿಂದ ಬಂದ ಪ್ರಶ್ನೆ ಮನೆಯವರಿಗೆ ಕೇಳದು, ಮನೆಯವರ ಪ್ರಶ್ನೆ ಸ್ಪೀಕರಿನಿಂದ ಬಂದು ಮೈಕಿಗೆ ಸುತ್ತಿ ಕೀಚಲಾಗುತ್ತದೆ. ಪ್ರತಿಧ್ವನಿ ನಿವಾರಿಸುವ ಮೈಕ್ ಕೊಳ್ಳಲು ಹಣವಿಲ್ಲದ ಕಡೆ ಒಬ್ಬ ಸದಸ್ಯ ಪ್ರಶ್ನೆಯನ್ನು ಮತ್ತೆ ಗಟ್ಟಿಯಾಗಿ ಹೇಳುವ ಕೆಲಸ ವಹಿಸಿಕೊಂಡ. ನೆಟ್‌ನಲ್ಲಿ ಕ್ಷೀಣ ಕೇಂದ್ರದ ಮಾತನ್ನು ಪ್ರಬಲ ಕೇಂದ್ರ ದಾಟಿಸುವುದೂ ಹೀಗೆಯೇ. ಹೊರಗಿನ ಊರಿನ ಉಪನ್ಯಾಸಕರು, ಪರೀಕ್ಷಾ ತರಗತಿಗಳು, ಸಮಿತಿಯ ಕಲಾಪ ಪರದೆಯ ಪಾಲಾದವು. ಹಾಜರಿ ಮತ್ತು ಹರಟೆ ನೆಟ್‌ಗೆ. ಸಾಮಾನು ಮಾರಾಟ, ಕಟ್ಟುವ ಕೆಲಸ, ಫಾಕ್ಸ್ ಹಂಟ್ ನೆಲಕ್ಕೆ. ತಾತ್ಕಾಲಿಕವೆಂದು ಮಾಡಿದ ಕೆಲವು ನಿಯಮಗಳೂ ಉಳಿದುಕೊಂಡವು. ಮನೆಯ ಕೇಂದ್ರಗಳು ಪರಸ್ಪರ ಅಂಕ ಗಳಿಸುವುದಕ್ಕೆ ಫೀಲ್ಡ್ ಡೇ ನಿಯಮಗಳಲ್ಲಿ ಕಾಯಂ ಜಾಗ ಸಿಕ್ಕಿತು. ಬ್ರಿಟನ್ನಿನ ಮನೆಯಿಂದ ಬರೆಯುವ ಪರೀಕ್ಷೆ ಸಾಂಕ್ರಾಮಿಕ ಮುಗಿದ ಮೇಲೂ ಮುಂದುವರಿಯಿತು.